ಅಟ್ಟದ ಮೇಲಿನದ್ದು

ನನಗೆ ಹೆದರುವುದನ್ನು ಕಲಿಸಿದ್ದು ನಮ್ಮ ಕೋಪರಿಯ ಮನೆಯ ಅಟ್ಟ. ಮನೆ ಎಂದರೆ ದೊಡ್ಡ ಮಾತಾಯಿತು. ಮುಂದೆ ಅಪ್ಪನ ಹೋಟೆಲು, ಅದರ ಬೆನ್ನಿಗೆ ಒಂದೇ ಒಂದು ಕೋಣೆ, ಕೋಣೆಯ ಮೂಲೆಯಲ್ಲಿ ಅಡಿಗೆ, ಅಡಿಗೆಯ ನೆತ್ತಿಯ ಮೇಲೆ ಹಲಗೆ ಹೊಡೆದು ಮಾಡಿದ ಅಟ್ಟ. ಠಾಣೆ ರೈಲ್ವೆ ಸ್ಟೇಷನ್ನು ಎಷ್ಟು ಹತ್ತಿರವೆಂದರೆ ಫಾಸ್ಟ್ ಟ್ರೇನು ಹೋಗುವಾಗ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತನ್ನಷ್ಟಕ್ಕೆ ಗಿರಕಿ ಹೊಡೆಯುತ್ತಿತ್ತು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು ಆ ಕೋಣೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಬದುಕಿದೆವು. ಅಜ್ಜಿಯ ಊದುಬತ್ತಿಯ ವಾಸನೆಯನ್ನು ಹೋಟೆಲಿನ ಸಾಂಬಾರು ನುಂಗಿಬಿಡುತ್ತಿತ್ತು. ನನ್ನ ಚಾಪೆ ಅಟ್ಟದ ನೇರ ಕೆಳಗೆ. ಶಾಲೆಯಿಂದ ಬಂದು ಮಧ್ಯಾಹ್ನ ಅಲ್ಲಿ ಮಲಗಿದರೆ ಹಲಗೆಗಳ ನಡುವಿನ ಸಂದು ಕಾಣುತ್ತಿತ್ತು, ಟ್ರೇನು ಹೋದಾಗಲೆಲ್ಲ ಆ ಸಂದಿನಿಂದ ಧೂಳು ಉದುರುತ್ತಿತ್ತು. ಅದೇ ಹಲಗೆಗಳ ಮೇಲೆ, ಹಳೆಯ ಅಕ್ಕಿಚೀಲದೊಳಗೆ, ಒಂದು ಕಠಾರಿ ಇತ್ತು. ಪ್ರತಿ ಟ್ರೇನಿಗೂ ಅದು ಒಂದು ಕೂದಲೆಳೆಯಷ್ಟು ಸರಿಯುತ್ತದೆ, ಒಂದು ದಿನ ಸಂದಿಗೆ ಬಂದು ಮೊನೆ ಕೆಳಗಾಗಿ ಬೀಳುತ್ತದೆ ಎಂದು ನಾನು ನಂಬಿದ್ದೆ. ಕುತ್ತಿಗೆಗೆ ಬೀಳುವುದೋ ಹೊಟ್ಟೆಗೋ ಎಂದು ಲೆಕ್ಕ ಹಾಕಿ ದಿಂಬನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲೂ ನಾನು ಗೋಡೆಗೆ ಅಂಟಿಕೊಂಡೇ ಮಲಗುವುದು. ದೊಡ್ಡ ಮಂಚ ಮಾಡಿಸಿದ್ದು ದಂಡವಾಯಿತು ಎಂದು ನನ್ನ ಗಂಡ ಈಗಲೂ ಗೊಣಗುತ್ತಾರೆ.

ಆ ಕಠಾರಿಗೆ ನಮ್ಮಲ್ಲಿ ಹೆಸರಿರಲಿಲ್ಲ. ‘ಮೇಲಿನದ್ದು’ ಎನ್ನುತ್ತಿದ್ದರು, ಅದೂ ಹೇಳಲೇಬೇಕಾದಾಗ. ಅದನ್ನು ತಂದಿಟ್ಟವರು ವಾಸು ಚಿಕ್ಕಪ್ಪ, ಅಪ್ಪನ ತಮ್ಮ. ವಿಠ್ಠಲವಾಡಿಯ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅದಕ್ಕೆ ಮೊದಲು ಬಹಳ ಕಾಲ ಅಲ್ಲೇ ತರಕಾರಿ ಹೆಚ್ಚುವ ಕೆಲಸ ಮಾಡಿದವರು. ರಜೆಯ ದಿನ ನಮ್ಮಲ್ಲಿಗೆ ಬಂದರೆ ಅಮ್ಮನನ್ನು ಎಬ್ಬಿಸಿ ತಾವೇ ಮೆಟ್ಟುಕತ್ತಿಯ ಮಣೆ ಮೆಟ್ಟಿ ಕೂತುಬಿಡುತ್ತಿದ್ದರು. ಕಣ್ಣು ನನ್ನ ಮುಖದ ಮೇಲೆ, ಬಾಯಲ್ಲಿ ಕತೆ, ಕೈಯಲ್ಲಿ ಮುಳ್ಳುಸೌತೆ. ಒಮ್ಮೆಯೂ ಅಲಗಿನ ಕಡೆ ನೋಡದೆ ಕಾಗದದಷ್ಟು ತೆಳ್ಳಗೆ ಹೆಚ್ಚಿ ಗುಡ್ಡೆ ಹಾಕುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನನಗೆ ಲೋಕದಲ್ಲಿ ಅವರಷ್ಟು ಇಷ್ಟದವರು ಬೇರೆ ಯಾರೂ ಇರಲಿಲ್ಲ.

ಅದನ್ನು ತಂದ ದಿನ ಮಾತ್ರ ಅವರು ರಜೆಯಿಲ್ಲದೆ ಬಂದರು. ಊಟದ ಗಿರಾಕಿ ಮುಗಿದು ಚಹಾದ ಗಿರಾಕಿ ಇನ್ನೂ ಶುರುವಾಗದ ಹೊತ್ತು. ಹಿಂದಿನ ಬಾಗಿಲಿನಿಂದ ಬಂದರು. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಕಂಕುಳಲ್ಲಿ ಮೈಯೊರೆಸುವ ಬೈರಾಸಿನಲ್ಲಿ ಸುತ್ತಿದ ಉದ್ದನೆಯ ಏನೋ ಒಂದು.

“ಅಣ್ಣ, ಇದನ್ನು ಮೇಲೆ ಇಟ್ಟುಬಿಡು. ಯಾರಿಗೂ ತೋರಿಸ್ಬೇಡ. ಎಂತ ಏನು ಅಂತ ಈಗ ಕೇಳ್ಬೇಡ.”

ಅಪ್ಪ ಬೈರಾಸಿನ ಒಂದು ಮಡಿಕೆ ಬಿಚ್ಚಿ ನೋಡಿ, ಬಿಸಿ ತಾಗಿದವರಂತೆ ಮುಚ್ಚಿದರು. ಅಮ್ಮ ಮಾಡಿಕೊಟ್ಟ ಕಾಫಿಯನ್ನು ಚಿಕ್ಕಪ್ಪ ಕುಡಿಯದೆ ಹೋದರು. ಅದೇ ವಾರ ಹೋಟೆಲಿಗೆ ಚಹಾಕ್ಕೆ ಬಂದ ಪೊಲೀಸಿನವನೊಬ್ಬ, ವಿಠ್ಠಲವಾಡಿ ಮಾರ್ಕೆಟಿನ ಗಲ್ಲಿಯಲ್ಲಿ ಒಬ್ಬನನ್ನು ಇರಿದು ಹಾಕಿದ್ದಾರೆ, ಇರಿದವನ ಪತ್ತೆಯಿಲ್ಲ ಎಂದು ಅಪ್ಪನ ಹತ್ತಿರ ಮಾತಿನ ನಡುವೆ ಹೇಳಿದ. ನಡುವಿನ ಬಾಗಿಲ ಪರದೆಯ ಈಚೆ ಅಮ್ಮ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ಮೊರದ ಮೇಲೆ ನಿಂತದ್ದು ನನಗೆ ಕಂಡಿತು. ಅದಾಗಿ ಸ್ವಲ್ಪ ದಿನಕ್ಕೆ, ವಾಸು ರಜೆ ಹಾಕಿ ಊರಿಗೆ ಹೋದ ಎಂಬ ಸುದ್ದಿ ಬಂತು. ನಮಗೆ ಹೇಳದೆ ಹೋಗಿದ್ದರು. ಈ ಮೂರು ಸಂಗತಿಗಳನ್ನು ಯಾರೂ ಬಾಯಿ ಬಿಟ್ಟು ಕೂಡಿಸಲಿಲ್ಲ. ಆದರೆ ನಮ್ಮ ಕೋಣೆಯಲ್ಲಿ ಅವು ಕೂಡಿಕೊಂಡು ಕೂತವು. ಅಪ್ಪ ಚಿಲ್ಲರೆ ಕೊಡುವಾಗ ತಪ್ಪತೊಡಗಿದರು. ಖಾಕಿ ಕಂಡರೆ ಅಮ್ಮ ಪರದೆ ಎಳೆಯುತ್ತಿದ್ದಳು. ಒಂದು ದಿನ ಅಜ್ಜಿ, ಯಾರೂ ಏನೂ ಕೇಳದಿದ್ದರೂ, ಬತ್ತಿ ಹೊಸೆಯುತ್ತ ಹೇಳಿದಳು:

“ಅವ ಅಂಥವ ಅಲ್ಲ.”

“ಅಂಥವ ಅಂತ ನಾನೆಲ್ಲಿ ಹೇಳಿದೆ ಅತ್ತೆ?”

“ನೀನು ಹೇಳ್ಲಿಲ್ಲ. ಅದೇ ನಾನು ಹೇಳುದು.”

ನಮ್ಮ ಮನೆಯಲ್ಲಿ ಈ ವಿಷಯದ ಮೇಲೆ ನಡೆದ ಅತಿ ದೊಡ್ಡ ಜಗಳ ಇದು. ಇದಾದ ಮೇಲೆ ಅತ್ತೆ ಸೊಸೆ ಎಷ್ಟೋ ದಿನ ಉಪ್ಪು ಕೊಡು, ನೀರು ಕೊಡು ಎಂಬಷ್ಟು ಮಾತ್ರ ಆಡಿದರು. ಕೇಳಿದರೆ ಮುಗಿದುಹೋಗುತ್ತಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಕೇಳುವುದಕ್ಕೇ ಹೆದರಿಕೆ. ಕೇಳಿದರೆ ಅವರು ಹೌದು ಎಂದುಬಿಟ್ಟರೆ ಅದನ್ನು ಇಟ್ಟುಕೊಂಡು ಆ ಒಂದೇ ಕೋಣೆಯಲ್ಲಿ ಬದುಕುವುದು ಹೇಗೆ?

ವರ್ಷಕ್ಕೊಮ್ಮೆ ಆಯುಧಪೂಜೆ ಬಂದಾಗ ಈ ಹೆದರಿಕೆ ಅಟ್ಟದಿಂದ ಕೆಳಗಿಳಿಯುತ್ತಿತ್ತು. ಹೋಟೆಲಿನವರ ಮನೆಯ ಆಯುಧಪೂಜೆ ಗೊತ್ತಲ್ಲ, ಸೌಟು, ಸಟ್ಟುಗ, ಕಡೆಯುವ ಕಲ್ಲು, ದೋಸೆಕಾವಲಿ, ಡಬ್ಬಿ ಕತ್ತರಿಸುವ ಚಿಕ್ಕ ಕತ್ತಿಯವರೆಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚಬೇಕು. ಮನೆಯೊಳಗಿನ ಒಂದು ಕಬ್ಬಿಣವನ್ನೂ ಬಿಡುವ ಹಾಗಿಲ್ಲ. ಹಾಗಾಗಿ ಮೇಲಿನದ್ದನ್ನು ತೊಳೆಯದೆ ಬಿಡಲು ಅಮ್ಮನಿಗೆ ಧೈರ್ಯವಿಲ್ಲ, ದೇವರ ಮುಂದೆ ಇಡಲು ಅದಕ್ಕಿಂತ ಧೈರ್ಯವಿಲ್ಲ. ಮೊದಲ ವರ್ಷ ಅವಳು ಬಾಗಿಲು ಹಾಕಿಕೊಂಡು ಅದನ್ನು ಕೆಳಗಿಳಿಸಿ ಮೋರಿಯ ಕಟ್ಟೆಯ ಮೇಲೆ ಇಟ್ಟಾಗ ನಾನು ಕಂಬಳಿಯೊಳಗಿನಿಂದ ನೋಡುತ್ತಿದ್ದೆ. ಬಿಳಿ ಹಳದಿ ಹಿಡಿ. ಹಿಡಿಯ ಹತ್ತಿರ ಅಗಲವಾಗಿದ್ದ ಅಲಗು ಬರಬರುತ್ತ ಸಪೂರವಾಗಿ ಕೊನೆಗೆ ಗೋಣಿದಬ್ಬಣದ ಮೊನೆಯಷ್ಟಾಗಿತ್ತು. ಮೈಮೇಲೆ ಅಲ್ಲಲ್ಲಿ ಕಂದು ಕಲೆ. ಹುಣಸೆಹುಳಿ, ಬೂದಿ ಎರಡಿದ್ದರೆ ಹೋಗದ ಕಲೆಯೇ ಇಲ್ಲ ಎಂಬುದು ಅಮ್ಮನ ನಂಬಿಕೆ. ಹೋಟೆಲಿನ ಹಿತ್ತಾಳೆ ಪಾತ್ರೆಯೆಲ್ಲ ಅವಳ ಕೈಯಲ್ಲಿ ಹಾಗೆಯೇ ಬಂಗಾರವಾಗುತ್ತಿತ್ತು. ಅದನ್ನೂ ಹಾಗೆಯೇ ತಿಕ್ಕಿದಳು. ನೀರು ಹೊಯ್ದಾಗ ಅಲಗು ಹೊಸ ಚಮಚದ ಹಾಗೆ ಬೆಳ್ಳಗೆ ಕಂಡಿತು. ಅಮ್ಮ ಉಸಿರು ಬಿಟ್ಟಳು. ಅಷ್ಟರಲ್ಲಿ, ನಾವು ನೋಡುತ್ತಿದ್ದ ಹಾಗೆಯೇ, ಅದರ ಮೈಯೊಳಗಿನಿಂದ ಕಪ್ಪು ಗೆರೆಗಳು ಏಳತೊಡಗಿದವು. ಸಣ್ಣ ಸಣ್ಣ ಡೊಂಕು ಗೆರೆಗಳು, ಒಂದರ ಪಕ್ಕ ಒಂದು, ಹಿಡಿಯಿಂದ ಮೊನೆಯವರೆಗೆ. ಅವಳು ಮತ್ತೆ ಹುಳಿ ಹಚ್ಚಿ ತಿಕ್ಕಿದಳು. ಗೆರೆಗಳು ಇನ್ನೂ ಕಪ್ಪಾದವು. ಬೆರಳು ಚಿರುಟುವವರೆಗೆ ತಿಕ್ಕಿದಳು.

“ಹೋಗುದಿಲ್ಲ. ಇದು ಹೋಗುದೇ ಇಲ್ಲ.”

ಅವಳು ಹೇಳಿಕೊಂಡದ್ದು ತನಗೆ. ಕೇಳಿಸಿಕೊಂಡ ನಾನು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡೆ. ಚಿಕ್ಕಪ್ಪ ಮಾಡಿದ್ದು ಆ ಕಬ್ಬಿಣದೊಳಗೆ ಇಳಿದು ಕೂತಿದೆ, ತೊಳೆದಷ್ಟೂ ಹೊರಗೆ ಬರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಪ್ರತಿ ವರ್ಷವೂ ಹೀಗೆಯೇ ಆಯಿತು. ಅವಳು ತೊಳೆಯುವುದು, ಗೆರೆಗಳು ಏಳುವುದು, ಕುಂಕುಮವಿಲ್ಲದೆ ಅದು ಮತ್ತೆ ಅಟ್ಟಕ್ಕೆ ಹೋಗುವುದು. ಅಜ್ಜಿ ಮಾತ್ರ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಒಂದು ದಾಸವಾಳ ಇಡುತ್ತಿದ್ದಳು. ಮರುದಿನ ಅಮ್ಮ ಅದನ್ನು ಗುಡಿಸಿ ತೆಗೆಯುತ್ತಿದ್ದಳು. ಇಬ್ಬರೂ ಆ ಹೂವಿನ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ.

ಊರಿಗೆ ಹೋದ ಚಿಕ್ಕಪ್ಪ ಕೆಲವೇ ತಿಂಗಳಲ್ಲಿ ವಾಪಸು ಬಂದಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಮತ್ತೆ ಅದೇ ಹೋಟೆಲು, ಹಬ್ಬ ಹುಣ್ಣಿಮೆಗೆ ಮತ್ತೆ ನಮ್ಮ ಮನೆ. ಅವರು ಬರುತ್ತಾರೆಂದು ಗೊತ್ತಾದರೆ ಅಮ್ಮ ಮೊದಲು ಮಾಡುತ್ತಿದ್ದ ಕೆಲಸ ಮೆಟ್ಟುಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಅಕ್ಕಿಡ್ರಮ್ಮಿನ ಹಿಂದೆ ತುರುಕುವುದು. ಅವರ ಕೈಗೆ ಅಲಗು ಸಿಗಬಾರದು. ಮೆಟ್ಟುಕತ್ತಿ ಇಲ್ಲವೆಂದ ಮೇಲೆ ತರಕಾರಿ ಹೆಚ್ಚುವುದು ಹೇಗೆ? ಅಲಸಂಡೆಯನ್ನು ಕೈಯಲ್ಲಿ ಮುರಿದು ಪಲ್ಯ ಮಾಡುತ್ತಿದ್ದಳು. ಕಾಯಿ ತುರಿಯುವ ಹಲ್ಲು ಇರುವುದೂ ಅದೇ ಮೆಟ್ಟುಕತ್ತಿಯ ತುದಿಯಲ್ಲಿ, ಹಾಗಾಗಿ ಪಲ್ಯಕ್ಕೆ ಕಾಯಿಯೂ ಇಲ್ಲ. ಹೋಟೆಲಿನಿಂದ ತುರಿದ ಕಾಯಿ ತರಿಸಲು ಹೊಳೆಯದಷ್ಟು ಅವಳ ತಲೆ ಕೆಟ್ಟಿರುತ್ತಿತ್ತು. ಉಡುಪಿಯ ಕಡೆಯ ಮನೆಯಲ್ಲಿ, ಗಂಡನ ತಮ್ಮ ಹಬ್ಬಕ್ಕೆ ಬಂದಾಗ, ಕಾಯಿ ಇಲ್ಲದ ಪಲ್ಯ! ನಾನು ಒಮ್ಮೆ ಎಲೆಯ ಮುಂದೆ ಕೂತು ಕೇಳಿಯೇಬಿಟ್ಟೆ.

“ಅಮ್ಮಾ, ಕಾಯಿ ಯಾಕೆ ಹಾಕ್ಲಿಲ್ಲ?”

“ಒಡೆದದ್ದು ಹಾಳಾಗಿತ್ತು. ಸುಮ್ನೆ ಉಣ್ಣು.”

ಬಾಗಿಲಾಚೆ ಹೋಟೆಲಿನ ತೆಂಗಿನಕಾಯಿ ರಾಶಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಚಿಕ್ಕಪ್ಪ ತಲೆಯೆತ್ತಲಿಲ್ಲ, ಪಲ್ಯ ಚೆನ್ನಾಗಿದೆ ಎಂದು ಇನ್ನೊಮ್ಮೆ ಹಾಕಿಸಿಕೊಂಡರು. ಆಮೇಲೆ, ಮಜ್ಜಿಗೆಯ ಹೊತ್ತಿಗೆ, ಸಣ್ಣ ದನಿಯಲ್ಲಿ,

“ಅಣ್ಣ, ಅದು ಮೇಲೆ ಉಂಟಲ್ಲ?”

“ಉಂಟು.”

ಅಷ್ಟೇ. ಅಮ್ಮನ ಕೈಯ ಸೌಟು ಗಾಳಿಯಲ್ಲಿ ನಿಂತಿತ್ತು. ಅನ್ನ ಕಲಸುತ್ತಿದ್ದ ಚಿಕ್ಕಪ್ಪನ ಬೆರಳುಗಳನ್ನೇ ನಾನು ನೋಡುತ್ತಿದ್ದೆ, ಆ ಬೆರಳುಗಳು ಏನು ಮಾಡಿರಬಹುದು ಎಂದು. ಕೈ ತೊಳೆದು ಬಂದು ಅವರು ಎಂದಿನಂತೆ “ಬಾ ಮಗಾ” ಎಂದು ಕರೆದಾಗ ಅಮ್ಮನ ಸೀರೆಯ ಹಿಂದೆ ಅಡಗಿದೆ. ಚಾಚಿದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡು ಅದರಿಂದಲೇ ತಲೆ ಕೆರೆದುಕೊಂಡರು. ಬರುವುದು ಕಡಿಮೆಯಾಯಿತು. ಅಜ್ಜಿಯ ವೈಕುಂಠ ಸಮಾರಾಧನೆಯ ಊಟವಾದ ಮೇಲೆ ನಿಂತೇಹೋಯಿತು. ನಿಜ ಹೇಳಬೇಕೆಂದರೆ ನಮಗೆಲ್ಲ ಜೀವ ಬಂದಂತಾಯಿತು. ಮೆಟ್ಟುಕತ್ತಿ ಅಡಿಗೆಮೂಲೆಯಲ್ಲೇ ಉಳಿಯಿತು, ಪಲ್ಯಕ್ಕೆ ಕಾಯಿ ಬಂತು. ಹೆದರಿಕೆ ಮಾತ್ರ ನನ್ನೊಳಗೆ ಮನೆ ಮಾಡಿಕೊಂಡು ಬೆಳೆಯಿತು. ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಹೊರಗೆ ಹೋಗುವ ಬಾಗಿಲು. ಇಷ್ಟದವರು ಯಾರಾದರೂ ಹತ್ತಿರ ಬಂದರೆ ಮೊದಲು ಅವರ ಕೈ ನೋಡುತ್ತೇನೆ.

ಅಪ್ಪ ಹೋದರು, ಆಮೇಲೆ ಬಹಳ ವರ್ಷಕ್ಕೆ ಅಮ್ಮ. ಅಮ್ಮ ತೀರಿಕೊಂಡ ದಿನ ಚಿಕ್ಕಪ್ಪ ಬಂದು ಮೆಟ್ಟಿಲ ಹತ್ತಿರ ನಿಂತು, ತಾವು ಈಗಲೂ ವಿಠ್ಠಲವಾಡಿಯಲ್ಲೇ ಇರುವುದಾಗಿ ಹೇಳಿ, ಒಳಗೆ ಬರದೆ ಹೋಗಿದ್ದರು. ಈಗ ಕೋಪರಿಯ ಆ ಕಟ್ಟಡ ಕೆಡವಿ ಕಟ್ಟಲೆಂದು ರೀಡೆವಲಪ್‌ಮೆಂಟಿಗೆ ಹೋಯಿತು. ಅಟ್ಟ ಖಾಲಿ ಮಾಡಲು ಏಣಿ ಹತ್ತಿದವಳು ನಾನೇ. ಅಕ್ಕಿಚೀಲ ಇದ್ದಲ್ಲೇ ಇತ್ತು, ಒಂದು ಕೂದಲೆಳೆಯೂ ಸರಿದಿರಲಿಲ್ಲ. ಚೀಲವನ್ನು ನನ್ನ ಫ್ಲ್ಯಾಟಿಗೆ ತಂದ ದಿನ ಖಾರಘರದಲ್ಲಿರುವ ಮಗಳು ಬಂದಿದ್ದಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಅಮ್ಮಾ, ಯೇ ಘರ್ ಮೇ ರಖನಾ ಅಲೌಡ್ ಹೈ ಕ್ಯಾ?”

ಇದನ್ನು ಮನೆಯಲ್ಲಿ ಇಡಬಹುದೇ ಎಂದು ಕೇಳಿದ ಅವಳಿಗೆ ಎಲ್ಲವನ್ನೂ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಇದನ್ನು ಬಾಯಿ ಬಿಟ್ಟು ಹೇಳಿದ್ದು. ಅವಳು ಕೇಳಿ, ಇದು ಏನು, ಎಲ್ಲಿಯದು, ಎಷ್ಟು ಹಳೆಯದು ಎಂದು ಮೊದಲು ತಿಳಿದುಕೊಳ್ಳೋಣ ಎಂದಳು. ನಮ್ಮಲ್ಲಿ ಒಬ್ಬರಿಗೂ ಹೊಳೆಯದ ಮಾತು. ಅವಳ ಪಕ್ಕದ ಟವರಿನಲ್ಲಿ ಮೃಣಾಲತಾಯಿ ಎಂಬವರಿದ್ದರು, ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳ ವಿಭಾಗ ನೋಡಿಕೊಂಡು ನಿವೃತ್ತರಾದವರು. ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿ, ಬ್ಯಾಗಿನಲ್ಲಿ ಹಾಕಿಕೊಂಡು ನಾನು ಠಾಣೆಯಿಂದ ಖಾರಘರದ ಮೇಲೆ ಹೋಗುವ ಪನ್ವೇಲ್ ಲೋಕಲು ಹಿಡಿಯಲು ಹೊರಟೆ. ಸ್ಟೇಷನ್ನಿನ ಸೇತುವೆಯ ಮೇಲೆ ಬ್ಯಾಗು ತಪಾಸಣೆ ಮಾಡುತ್ತಿದ್ದ ಪೊಲೀಸಿನವಳು ನನ್ನ ನರೆಗೂದಲು ನೋಡಿ, ಹೋಗಿ ಆಜಿ ಎಂದು ಕೈಬೀಸಿದಳು. ನಾನು ಹಿಂದೆ ತಿರುಗಿ ನೋಡದೆ ಮೆಟ್ಟಿಲಿಳಿದೆ. ಡಬ್ಬಿಯಲ್ಲಿ ಕೂತ ಮೇಲೂ, ಟ್ರೇನು ಅಲುಗಿದಾಗಲೆಲ್ಲ ಮೊನೆ ಸೀರೆ ಹರಿದು ತೊಡೆಗೆ ಇಳಿಯುತ್ತದೆ ಅನ್ನಿಸಿ ಬ್ಯಾಗನ್ನು ಆಚೀಚೆ ಸರಿಸಿದೆ. ಚಾಪೆ ಬಿಟ್ಟು ಸೀಟಿಗೆ ಬಂದಿದ್ದೆ, ಅಷ್ಟೇ ವ್ಯತ್ಯಾಸ.

ಮೃಣಾಲತಾಯಿ ಕಿಟಕಿಯ ಬಳಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕೈಗವಸು ಹಾಕಿಕೊಂಡು ಕಠಾರಿಯನ್ನು ಅದರ ಮೇಲೆ ಮಲಗಿಸಿದರು. ಟಾರ್ಚು ಬಿಟ್ಟು, ಭೂತಗನ್ನಡಿ ಹಿಡಿದು ಹಿಡಿಯಿಂದ ಮೊನೆಯವರೆಗೆ ನೋಡಿದರು. ಕೊನೆಗೆ ಅವರು ಹೇಳಿದ್ದು,

“ಕಾಯ್ ಸುಂದರ್ ಆಹೇ!”

ಎಷ್ಟು ಚಂದ ಎಂದು ಅದರ ಬಗ್ಗೆ ಯಾರಾದರೂ ಹೇಳಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆಮೇಲೆ ಮರಾಠಿಯಲ್ಲೇ ನಿಧಾನವಾಗಿ ತೋರಿಸುತ್ತ ಹೋದರು. ಇದರ ಹೆಸರು ಪೇಶ್‌ಕಬ್ಜ್. ಅಲಗಿನ ಬೆನ್ನನ್ನು ಅಡ್ಡಪಟ್ಟಿಯಂತೆ ದಪ್ಪ ಮಾಡಿ, ಮೊನೆಯನ್ನು ದಬ್ಬಣದಂತೆ ಚೂಪು ಮಾಡಿದ್ದು ಯೋಧರ ಬಳೆಯಂಗಿಯ ಕಬ್ಬಿಣದ ಬಳೆಗಳ ನಡುವೆ ತೂರಲೆಂದು. ಆಕಾರ ಇರಾನಿನದು, ಸಿಂಧ್ ಅಫಘಾನಿಸ್ತಾನದ ಕಡೆ ಬಳಕೆ ಹೆಚ್ಚು. ಹಿಡಿಯ ಒಂದು ಬದಿ ದೂರದ ತಣ್ಣನೆಯ ಕಡಲಿನ ಪ್ರಾಣಿಯ ಕೋರೆ, ಇನ್ನೊಂದು ಬದಿ ಮುರಿದು ಯಾರೋ ಆಮೇಲೆ ಎಲುಬಿನದು ಕೂರಿಸಿದ್ದಾರೆ, ಅದು ಸಿಂಧಿನ ಕೆಲಸವಿರಬಹುದು, ಖಂಡಿತವಾಗಿ ಹೇಳಲಾರೆ. ವಯಸ್ಸು ಇನ್ನೂರು ವರ್ಷದ ಆಚೀಚೆ. ಎಲುಬು ಎಂದಾಗ, ಶುದ್ಧ ಸಸ್ಯಾಹಾರಿ ಹೋಟೆಲಿನ ಅಟ್ಟವನ್ನು ನೆನೆದು ಆ ಹೆದರಿಕೆಯಲ್ಲೂ ನನಗೆ ನಗು ಬಂತು. ಧೈರ್ಯ ಮಾಡಿ ಕೇಳಿದೆ.

“ಈ ಕಲೆ ಯಾತರದು? ಎಷ್ಟು ತೊಳೆದರೂ ಹೋಗುವುದಿಲ್ಲ.”

“ಕಲೆಯೇ? ಇದು ಉಕ್ಕಿನ ಹುಟ್ಟುಗುಣ. ಕುಲುಮೆಯಲ್ಲೇ ಈ ಗೆರೆಗಳು ಒಳಗೆ ಕೂಡಿಕೊಂಡಿರುತ್ತವೆ. ಹುಳಿ ತಾಗಿದರೆ ಮೇಲೆ ಕಾಣುತ್ತವೆ. ಹಳೆಯ ಕಮ್ಮಾರರು ಬೇಕೆಂದೇ ಹುಳಿ ಹಚ್ಚಿ ಇದನ್ನು ಎಬ್ಬಿಸುತ್ತಿದ್ದರು. ನಿಮ್ಮಲ್ಲಿ ಯಾರೋ ಬಹಳ ಚೆನ್ನಾಗಿ ಎಬ್ಬಿಸಿದ್ದಾರೆ. ಯಾರು?”

ನನ್ನ ಅಮ್ಮ, ಹುಣಸೆಹುಳಿಯಲ್ಲಿ, ಎಂದೆ. ಅವರು ನಗಲು ಹೊರಟವರು ನನ್ನ ಮುಖ ನೋಡಿ ನಿಲ್ಲಿಸಿದರು. ಈ ಜಾತಿಯ ಉಕ್ಕಿನ ಗಟ್ಟಿಗಳು ನಿಮ್ಮ ದಕ್ಷಿಣದ ಕಡೆಯಿಂದಲೇ ಹಡಗಿನಲ್ಲಿ ಇರಾನಿಗೆ ಹೋಗುತ್ತಿದ್ದವು ಎಂದೂ ಹೇಳಿದರು. ನಾನು ಅದನ್ನು ಅರ್ಧ ಕೇಳಿದೆ. ಚಿರುಟಿದ ಆ ಬೆರಳುಗಳು ಕಣ್ಣ ಮುಂದೆ ಬಂದು ಸಂಕಟವಾಗುತ್ತಿತ್ತು. ಅಮ್ಮ ಮೊದಲ ವರ್ಷವೇ ಹುಳಿ ಹಚ್ಚದೆ ಸುಮ್ಮನೆ ಎಣ್ಣೆ ಸವರಿ ಇಟ್ಟಿದ್ದರೆ ಸಾಕಿತ್ತು. ಆದರೂ ಕೇಳಲು ಹೋದದ್ದು ಇನ್ನೂ ಬಾಕಿಯಿತ್ತು. ಇದರಿಂದ ನಮ್ಮ ಕಾಲದಲ್ಲಿ ಯಾರಾದರೂ ಸತ್ತಿದ್ದರೆ ಗೊತ್ತಾಗುತ್ತದೆಯೇ ಎಂದೆ. ಅವರು ಕೈಗವಸು ತೆಗೆದರು.

“ಇದನ್ನು ಮಾಡಿದ್ದೇ ಕೊಲ್ಲಲಿಕ್ಕೆ. ಆದರೆ ಯಾರು, ಯಾರನ್ನು, ಯಾವಾಗ ಎಂದು ಉಕ್ಕು ಹೇಳುವುದಿಲ್ಲ. ಅದನ್ನು ಮನುಷ್ಯರನ್ನೇ ಕೇಳಬೇಕು.”

ಕೇಳಲು ಉಳಿದಿದ್ದ ಮನುಷ್ಯ ಒಬ್ಬರೇ. ವಿಠ್ಠಲವಾಡಿಯಲ್ಲಿ ಚಿಕ್ಕಪ್ಪನ ಕೋಣೆ ಅವರು ಕೆಲಸ ಮಾಡಿದ ಹೋಟೆಲಿನ ಹಿಂದೆಯೇ ಇತ್ತು. ಮದುವೆಯಾಗಿರಲಿಲ್ಲ. ನನ್ನನ್ನು ಕಂಡು ಗಾಬರಿಯಾಗಿ, ಕುರ್ಚಿಯ ಮೇಲಿನ ಬಟ್ಟೆ ತೆಗೆದು, ತಾವು ಹಾಸಿಗೆಯ ಅಂಚಿನಲ್ಲಿ ಕೂತರು. ನಾನು ಮೃಣಾಲತಾಯಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರ ಮುಖ ಅರಳಿತು.

“ಹಾಗಾದ್ರೆ ಸೇಠ್ ಸುಳ್ಳು ಹೇಳ್ಲಿಲ್ಲ.”

ಸೇಠ್ ಎಂದರೆ ಹೋಟೆಲಿನ ಎದುರು ಗಡಿಯಾರ ರಿಪೇರಿ ಮಾಡುತ್ತಿದ್ದ ಸಿಂಧಿ ಮುದುಕರಂತೆ. ದೇಶ ಒಡೆದಾಗ ಹಾಸಿಗೆಯ ಸುರುಳಿಯಲ್ಲಿ ಅಡಗಿಸಿ ತಂದ ವಸ್ತು. ಆಸ್ಪತ್ರೆಗೆ ಸೇರುವ ಮುಂಚೆ, ಗಂಡುಮಕ್ಕಳು ಇದಕ್ಕಾಗಿ ಬಡಿದಾಡುತ್ತಾರೆ, ನಾನು ಬಂದು ಕೇಳುವವರೆಗೆ ಇಟ್ಟುಕೋ, ಯಾರಿಗೂ ಹೇಳಬೇಡ ಎಂದು ಭಾಷೆ ತೆಗೆದುಕೊಂಡು ಕೊಟ್ಟಿದ್ದರು. ಅವರು ಆಸ್ಪತ್ರೆಯಿಂದ ಬರಲಿಲ್ಲ. ಮಕ್ಕಳು ಕೋಣೆ ಮಾರಿ ಎತ್ತಲೋ ಹೋದರು.

“ಮತ್ತೆ ನೀವು ಊರಿಗೆ ಹೋದದ್ದು?”

“ಕಾಮಾಲೆ ಆಗಿತ್ತಲ್ಲ. ಊರ ಮದ್ದಿಗೆ ಹೋದದ್ದು. ಯಾಕೆ ಮಗಾ?”

ಹೇಳಿದೆ. ಗಲ್ಲಿಯಲ್ಲಿ ಸತ್ತವನ ವಿಷಯ, ಪೊಲೀಸಿನವನ ಮಾತು, ಗೆರೆಗಳು, ಅಕ್ಕಿಡ್ರಮ್ಮಿನ ಹಿಂದಿನ ಮೆಟ್ಟುಕತ್ತಿ. ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣದಾಯಿತು. ಅವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟು ಅವನ್ನೇ ನೋಡುತ್ತಿದ್ದರು.

“ನೀವು ಅದು ಎಣಿಸಿದ್ದಾ,” ಎಂದರು. “ನಾನು ಎಣಿಸಿದ್ದು, ನಾನು ಬರುದು ಅತ್ತಿಗೆಗೆ ಬೇಡ ಅಂತ. ಕಾಯಿ ಹಾಕದೆ ಬಡಿಸ್ತಿದ್ರಲ್ಲ. ಬಾಯಲ್ಲಿ ಹೇಳ್ಲಿಕ್ಕೆ ಆಗದೆ ಹಾಗೆ ಹೇಳುದು ಅಂತ ಗೊತ್ತಾಯ್ತು. ಮತ್ತೆ ಬರ್ಲಿಲ್ಲ.”

ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಹೇಳಿದ್ದಕ್ಕೆ ಸಾಕ್ಷಿಯಿಲ್ಲ, ಸೇಠ್ ಇಲ್ಲ, ಅಪ್ಪನೂ ಇಲ್ಲ. ನಂಬಿದೆ, ಅಷ್ಟೇ. ನಂಬಿದ ಮಾತ್ರಕ್ಕೆ ಮೈಯೊಳಗಿನ ಹೆದರಿಕೆ ಎದ್ದು ಹೋಗುತ್ತದೆ ಎಂದು ಯಾರೂ ತಿಳಿಯಬಾರದು.

ಕಠಾರಿ ಈಗ ಎಣ್ಣೆಬಟ್ಟೆಯಲ್ಲಿ ನನ್ನ ಕಪಾಟಿನಲ್ಲಿದೆ, ಅದರ ಕಾಗದಪತ್ರದ ಕೆಲಸ ಮಗಳು ನೋಡುತ್ತಿದ್ದಾಳೆ. ವಿಠ್ಠಲವಾಡಿಗೆ ಹೋಗಿಬಂದ ಮುಂದಿನ ಭಾನುವಾರ ಚಿಕ್ಕಪ್ಪನನ್ನು ಊಟಕ್ಕೆ ಕರೆದೆ. ಗಂಡ ಮೊಸರು ತರಲು ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ಅಮ್ಮನ ಮೆಟ್ಟುಕತ್ತಿಯನ್ನು ಅಡಿಗೆಮನೆಯ ನೆಲದ ಮೇಲೆ ಇಟ್ಟು, ಪಕ್ಕದಲ್ಲಿ ಅಲಸಂಡೆ, ಒಡೆದ ಕಾಯಿ ಇಟ್ಟೆ. ಅವರು ಅದನ್ನೂ ನನ್ನನ್ನೂ ನೋಡಿದರು. ಗೋಡೆ ಹಿಡಿದು ನಿಧಾನಕ್ಕೆ ಕೂತು ಮಣೆ ಮೆಟ್ಟಿದರು. ನಾನು ಒಲೆಯ ಕಡೆ ತಿರುಗಿ, ಬೇಕೆಂದೇ, ಅವರಿಗೆ ಬೆನ್ನು ಹಾಕಿ ನಿಂತೆ. ಹೆಚ್ಚುವ ಸದ್ದು ಮುಗಿದು ಕಾಯಿ ತುರಿಯುವ ಸದ್ದು ಶುರುವಾಯಿತು. ಆಮೇಲೆ ಅದೂ ನಿಂತಿತು. ಕುತ್ತಿಗೆಯೋ ಹೊಟ್ಟೆಯೋ ಎಂಬ ಆ ಹಳೆಯ ಲೆಕ್ಕ ತಾನಾಗಿ ಎದ್ದು ಬಂತು. ಒಗ್ಗರಣೆಯ ಸಾಸಿವೆ ಸಿಡಿಯುತ್ತಿತ್ತು, ನಾನು ಒಲೆಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಇಷ್ಟು ಕಾಯಿ ಸಾಕಾ ಮಗಾ?”

ನಾನು ತಿರುಗಲಿಲ್ಲ.

“ಇನ್ನೊಂದು ಕಡಿ ತುರೀರಿ ಚಿಕ್ಕಪ್ಪ.”

ಹಿಂದಿನಿಂದ ತುರಿಯುವ ಸದ್ದು ಮತ್ತೆ ಕೇಳತೊಡಗಿತು.